ಮಳೆ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದ ಮೇಲೆ

ನಮ್ಮ ಬೀದಿಯ ಕೊನೆಯಲ್ಲಿ ಒಂದು ದೊಡ್ಡ ಖಾಲಿ ಜಾಗ ಇತ್ತು. ಒಂದು ದಿನ ಅದರ ಬೇಲಿಗೆ ನೋಟಿಸ್ ಅಂಟಿಸಿದ್ದರು. ಇಲ್ಲಿ ಇನ್ನೂರಕ್ಕೂ ಜಾಸ್ತಿ ಮನೆ ಕಟ್ಟುವ ಪ್ರಸ್ತಾವ ಇದೆ, ಆಕ್ಷೇಪಣೆ ಇದ್ದರೆ ಇಂಥ ದಿನದೊಳಗೆ ಬರೆದು ಕೊಡಿ ಅಂತ ಅದರಲ್ಲಿತ್ತು. ನಾನು ಓದುವ ಹೊತ್ತಿಗೆ ಕೊಟ್ಟ ಗಡುವಿನಲ್ಲಿ ಅರ್ಧ ಮುಗಿದಿತ್ತು.

ಅವತ್ತು ಸಂಜೆಯೇ ಅಕ್ಕಪಕ್ಕದವರೆಲ್ಲ ಸೇರಿದೆವು. ಒಬ್ಬೊಬ್ಬರಿಗೂ ಒಂದೊಂದು ಭಯ. ವಾಹನ ಜಾಸ್ತಿ ಆಗುತ್ತೆ, ಬಿಸಿಲು ಹೋಗುತ್ತೆ, ಕೊಳವೆಯಲ್ಲಿ ನೀರು ಬರಲ್ಲ, ಚರಂಡಿ ತುಂಬುತ್ತೆ. "ನಮಗೆ ಈ ಕಟ್ಟಡ ಬೇಡ ಅಂತ ಒಂದೇ ಪತ್ರ ಬರೆದು ಎಲ್ಲರೂ ಸಹಿ ಹಾಕೋಣ" ಅಂದರು ಹಿರಿಯರೊಬ್ಬರು. ನನಗೂ ಅದೇ ಸರಿ ಅನಿಸಿತ್ತು.

ಆಗ ಬಾಡಿಗೆ ಮನೆಯಲ್ಲಿರುವ ಒಬ್ಬ ಹೆಂಗಸು ಮಾತಾಡಿದರು. "ನನ್ನ ಮಗನಿಗೆ ಎರಡು ವರ್ಷದಿಂದ ಈ ಕಡೆ ಮನೆ ಸಿಗ್ತಿಲ್ಲ. ನನಗೆ ಆ ಮನೆಗಳು ಬೇಕು. ಆದರೆ ಮಳೆ ಬಂದರೆ ನಮ್ಮನೆ ಒಳಗೆ ನೀರು ನುಗ್ಗಬಾರದು, ಅಷ್ಟೇ." ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ಮೂರು ವಾರ ನಾವು ಮಾಡಿದ್ದೆಲ್ಲ ಆ ಮಾತಿನ ಹಿಂದೆಯೇ ಹೋಯಿತು. ಮನೆ ಬರಲಿ, ಆದರೆ ಹೇಗೆ ಬರುತ್ತೆ ಅಂತ ನಾವು ಕೇಳಲೇಬೇಕು.

ಮೊದಲು ಅರ್ಜಿಯ ಕಾಗದಗಳನ್ನೆಲ್ಲ ತರಿಸಿಕೊಂಡೆವು. ಎಲ್ಲರ ಕಣ್ಣು ಬಣ್ಣದ ಚಿತ್ರಗಳ ಮೇಲೆಯೇ. ಮರ, ನಡೆದಾಡುವ ಜನ, ನೀಲಿ ಆಕಾಶ. ನಿಜವಾಗಿ ಉಪಯೋಗಕ್ಕೆ ಬಂದದ್ದು ಕಪ್ಪು ಬಿಳುಪಿನ ಒಂದು ಹಾಳೆ, ನೆಲದ ಮಟ್ಟದ ನಕ್ಷೆ. ಅದರಲ್ಲಿ ಬಾಗಿದ ಗೆರೆಗಳಿರುತ್ತವೆ. ಒಂದೇ ಗೆರೆಯ ಮೇಲಿನ ಜಾಗವೆಲ್ಲ ಒಂದೇ ಎತ್ತರದಲ್ಲಿದೆ ಅಂತ ಅರ್ಥ. ಗೆರೆಗಳ ಪಕ್ಕದ ಅಂಕಿ ಯಾವ ಕಡೆ ಇಳಿಯುತ್ತೋ ನೀರೂ ಆ ಕಡೆಗೇ ಇಳಿಯುತ್ತೆ. ನಾನು ಬೆರಳಿಟ್ಟುಕೊಂಡು ನೋಡುತ್ತಾ ಹೋದೆ. ಅಂಕಿಗಳು ಇಳಿದು ಇಳಿದು ನಮ್ಮ ಬೀದಿಗೇ ಬಂದು ನಿಂತವು.

ಆಮೇಲೆ ಲೆಕ್ಕ. ಇದು ಯಾರಿಗೂ ಕಷ್ಟ ಅಲ್ಲ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಆ ಜಾಗ ಸುಮಾರು 20,000 ಚದರ ಮೀಟರ್. 50 ಮಿಲಿಮೀಟರ್‌ನ ಒಂದು ಜೋರು ಮಳೆ ಬಂತು ಅಂದುಕೊಳ್ಳಿ, ಒಟ್ಟು 10 ಲಕ್ಷ ಲೀಟರ್. ಹುಲ್ಲು ಬೆಳೆದ ನೆಲ ಅದರಲ್ಲಿ ಬಹುಪಾಲನ್ನು ಕುಡಿಯುತ್ತೆ. ಕಾಲು ಭಾಗ ಹರಿದು ಹೋಗುತ್ತೆ ಅಂತ ಹಿಡಿದರೂ ಎರಡೂವರೆ ಲಕ್ಷ ಲೀಟರ್. ಛಾವಣಿ, ಕಾಂಕ್ರೀಟ್, ಟಾರು ಹಾಗಲ್ಲ, ಬಿದ್ದದ್ದರಲ್ಲಿ ಹತ್ತಿರ ಹತ್ತಿರ ನೂರಕ್ಕೆ 90 ಭಾಗ ಹೊರಗೆ ಕಳಿಸುತ್ತವೆ. ನಕ್ಷೆಯ ಪ್ರಕಾರ ಜಾಗದಲ್ಲಿ ನೂರಕ್ಕೆ 70 ಭಾಗ ಹೀಗೆ ಮುಚ್ಚಿಹೋಗುತ್ತಿತ್ತು. ಮುಚ್ಚಿದ ಭಾಗದ್ದೂ ಉಳಿದ ಹುಲ್ಲು ನೆಲದ್ದೂ ಕೂಡಿದರೆ ಏಳು ಲಕ್ಷ ಲೀಟರ್ ದಾಟಿತು. ಈಗಲೇ ಅಂಚಿನವರೆಗೂ ತುಂಬಿ ಹರಿಯುವ ಮೋರಿಗೆ ಆ ಜಾಗದಿಂದ ಹತ್ತಿರ ಹತ್ತಿರ ಮೂರು ಪಟ್ಟು ನೀರು!

ಇದನ್ನು ಎಂಜಿನಿಯರ್ ಒಬ್ಬರಿಗೆ ತೋರಿಸಿದೆವು. ಅವರು ಒಂದು ತಪ್ಪು ಹಿಡಿದರು. ನಾಲ್ಕು ದಿನ ಬಿಡದೆ ಮಳೆ ಸುರಿದು ನೆಲ ನೆನೆದಿದ್ದರೆ ಖಾಲಿ ಜಾಗವೂ ಅಷ್ಟು ಕುಡಿಯಲ್ಲ, ಆಗ ಈ ವ್ಯತ್ಯಾಸ ಕಡಿಮೆ ಅಂದರು. ಅದನ್ನೂ ಪತ್ರದಲ್ಲಿ ಬರೆದೆವು. ನಮ್ಮ ಲೆಕ್ಕದ ಮಿತಿಯನ್ನು ನಾವೇ ಹೇಳಿದ್ದರಿಂದ ಉಳಿದದ್ದನ್ನು ಕೇಳುವವರು ನಂಬಿದರು ಅಂತ ನನಗನಿಸುತ್ತೆ.

ಕಟ್ಟುವವರ ಕಡೆಯಿಂದ ಮೊದಲು ಬಂದ ಉತ್ತರ, "ಮಳೆ ನೀರು ಸಂಗ್ರಹಿಸುವ ತೊಟ್ಟಿ ಇಟ್ಟಿದ್ದೇವೆ" ಅಂತ. ಕೇಳಿದ ಕೂಡಲೇ ಎಲ್ಲರಿಗೂ ಸಮಾಧಾನ. ನನಗೆ ರಾತ್ರಿ ಮಲಗಿದ ಮೇಲೆ ಹೊಳೆಯಿತು. ಬಳಸೋಕೆ ಇಡುವ ತೊಟ್ಟಿ ತುಂಬಿರಬೇಕು. ನೆರೆ ತಡೆಯುವ ತೊಟ್ಟಿ ಖಾಲಿ ಇರಬೇಕು. ಮಳೆಗಾಲದ ನಡುವೆ ತುಂಬಿ ಕೂತ ತೊಟ್ಟಿ ಮುಂದಿನ ಮಳೆಗೆ ಒಂದು ಹನಿಯನ್ನೂ ಹಿಡಿಯಲ್ಲ, ಅಲ್ವಾ? ನಾವು ಕೇಳಬೇಕಿದ್ದದ್ದು ಬೇರೆಯದೇ ತೊಟ್ಟಿ. ಜೋರು ಮಳೆಯನ್ನು ಹಿಡಿದುಕೊಂಡು, ಸಣ್ಣ ತೂತಿನಿಂದ ನಿಧಾನಕ್ಕೆ ಬಿಡುವಂಥದ್ದು. ಖಾಲಿ ನೆಲ ಮೊದಲು ಎಷ್ಟು ವೇಗದಲ್ಲಿ ನೀರು ಬಿಡುತ್ತಿತ್ತೋ ಅದಕ್ಕಿಂತ ಜಾಸ್ತಿ ವೇಗದಲ್ಲಿ ಬಿಡಬಾರದು. ಈ ಒಂದು ವಾಕ್ಯವನ್ನು ಪತ್ರದ ಮೊದಲಿಗೇ ಇಟ್ಟೆವು.

ವಾಹನದ ವಿಷಯದಲ್ಲಿ ಕಟ್ಟುವವರ ವರದಿಯಲ್ಲಿ ಎಣಿಕೆ ಇತ್ತು. ದಿನಾಂಕ ನೋಡಿದರೆ ಅದು ಶಾಲೆಗೆ ರಜೆ ಇದ್ದ ವಾರ. ನಾವೇ ಎಣಿಸಿದೆವು. ಮಂಗಳವಾರದಿಂದ ಗುರುವಾರದವರೆಗೆ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ. ಒಬ್ಬರು ಕೂಗೋದು, ಇನ್ನೊಬ್ಬರು ಗೀಟು ಹಾಕೋದು. ಹದಿನೈದು ನಿಮಿಷಕ್ಕೊಂದು ಸಾಲು. ಎಡಕ್ಕೆ ತಿರುಗಿದ್ದು, ಬಲಕ್ಕೆ ತಿರುಗಿದ್ದು, ನೇರ ಹೋದದ್ದು ಬೇರೆ ಬೇರೆ. ನಡೆದು ಹೋಗುವ ಮಕ್ಕಳನ್ನೂ ಎಣಿಸಿದೆವು, ಅವರು ವರದಿಯಲ್ಲಿ ಇರಲೇ ಇಲ್ಲ. ಎಣಿಕೆಗಿಂತ ನಮಗೆ ಹೆಚ್ಚು ಕಲಿಸಿದ್ದು ಕೂಡುರಸ್ತೆಯಲ್ಲಿ ನಿಂತ ಸಾಲು. ರಸ್ತೆ ಆಗಲೇ ತುಂಬಿದ್ದರೆ ಹತ್ತು ವಾಹನ ಸೇರಿದರೂ ಸಾಲು ಬಹಳ ಉದ್ದ ಆಗುತ್ತೆ. ಖಾಲಿ ರಸ್ತೆಗೆ ಅದೇ ಹತ್ತು ಲೆಕ್ಕಕ್ಕೇ ಇಲ್ಲ.

ನೆರಳಿಗೆ ಒಂದು ಕೋಲು ಸಾಕು. 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ. ಬೆಳಿಗ್ಗೆ ನೆರಳು 2 ಮೀಟರ್ ಇದ್ದರೆ 30 ಮೀಟರ್ ಕಟ್ಟಡದ್ದು ಆ ಹೊತ್ತಿಗೆ 60 ಮೀಟರ್. ವರ್ಷದಲ್ಲಿ ಹಗಲು ಚಿಕ್ಕದಾಗಿರುವ ದಿನಗಳಲ್ಲಿ ಅಳೆಯಬೇಕು. ಭೂಮಧ್ಯ ರೇಖೆಯ ಉತ್ತರಕ್ಕಾದರೆ ಡಿಸೆಂಬರ್ 21ರ ಆಸುಪಾಸು, ದಕ್ಷಿಣಕ್ಕಾದರೆ ಜೂನ್ 21ರ ಆಸುಪಾಸು. ನಮ್ಮ ಪುಣ್ಯಕ್ಕೆ ನೋಟಿಸ್ ಬಂದದ್ದು ಅಂಥ ತಿಂಗಳಲ್ಲೇ. ಬಿಸಿಲು ಹೋಗುತ್ತೆ ಅಂತ ಇಡೀ ಬೀದಿ ಹೆದರಿತ್ತು. ಅಳೆದು ನೋಡಿದರೆ ಹೋಗುತ್ತಿದ್ದದ್ದು ಆರು ಮನೆಗಳಿಗೆ. ಆ ಆರು ಮನೆಯವರ ಪತ್ರಗಳಲ್ಲಿ ಮಾತ್ರ ಆ ವಿಷಯ ಇಟ್ಟೆವು.

ನೆಲಮಾಳಿಗೆಗೆ ಆಳವಾಗಿ ಅಗೆಯುತ್ತಾರೆ ಅಂತ ಗೊತ್ತಾದಾಗ ಪಕ್ಕದ ಮನೆಗಳ ಗೋಡೆಗಳ ಫೋಟೋ ತೆಗೆದೆವು. ಈಗಾಗಲೇ ಇರುವ ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ಫೋಟೋ, ಬಿರುಕು ನಿಂತ ಜಾಗಕ್ಕೆ ಪೆನ್ಸಿಲ್ ಗೀಟು, ಅದರ ಪಕ್ಕ ದಿನಾಂಕ. ನಾಳೆ ಬಿರುಕು ಬೆಳೆದರೆ ತೋರಿಸೋಕೆ ಇದು ಆಧಾರ. ಕೆಲಸ ಶುರುವಾದ ಮೇಲೆ ತೆಗೆದರೆ ಪ್ರಯೋಜನ ಇಲ್ಲ.

ಪತ್ರ ಬರೆಯುವಾಗ ಜಗಳ ಆಯಿತು. ಕರಡಿನಲ್ಲಿ ಯಾರೋ "ಅಲ್ಲಿಗೆ ಎಂಥ ಜನ ಬರುತ್ತಾರೋ ಗೊತ್ತಿಲ್ಲ" ಅಂತ ಸೇರಿಸಿದ್ದರು. ನಾನು ಅದನ್ನು ಹೊಡೆದು ಹಾಕಿದೆ. ಬಾಡಿಗೆ ಮನೆಯ ಆ ಹೆಂಗಸು ಅಲ್ಲೇ ಕೂತಿದ್ದರು. ಬರುವವರಲ್ಲಿ ಅವರ ಮಗನೂ ಒಬ್ಬ ಇರಬಹುದು. ಮನೆ ಬೇಕಾಗಿ ಬರುವವರನ್ನು ನೋಡುವ ಮೊದಲೇ ದೂರುವ ಹಕ್ಕು ನಮಗಿಲ್ಲ. ಒಂದಿಬ್ಬರು ಎದ್ದು ಹೋದರು, ಒಬ್ಬರು ಆಮೇಲೆ ವಾಪಸ್ ಬಂದರು. ನಮ್ಮ ಮನೆಗಳ ಬೆಲೆ ಇಳಿಯುತ್ತೆ ಅನ್ನೋ ಸಾಲನ್ನೂ ತೆಗೆದೆವು. ಕೊನೆಗೆ ಒಂದೇ ಪತ್ರಕ್ಕೆ ಸಹಿ ಹಾಕುವ ಬದಲು ಪ್ರತಿ ಮನೆಯವರೂ ತಮ್ಮ ಮಾತಿನಲ್ಲಿ, ತಮ್ಮ ಮನೆಗೆ ಆಗುವುದನ್ನು ಮಾತ್ರ ಬರೆದರು.

ಆಕ್ಷೇಪಣೆಗಳ ವಿಚಾರಣೆಯ ದಿನ ಪ್ರತಿಯೊಬ್ಬರಿಗೂ ಸಿಕ್ಕಿದ್ದು ಕೆಲವೇ ನಿಮಿಷ. ನಾನು ನೀರಿನ ಬಗ್ಗೆ ಮಾತ್ರ ಹೇಳಿದೆ. ಮಹಡಿ ಒಂದೂ ಕಡಿಮೆ ಆಗಲಿಲ್ಲ, ಆರು ಮನೆಗಳಿಗೆ ಬೆಳಗಿನ ಬಿಸಿಲು ಹೋಗುವುದೂ ನಿಲ್ಲಲಿಲ್ಲ. ಅದರ ನೋವು ನನಗೆ ಈಗಲೂ ಇದೆ. ಆದರೆ ಕಟ್ಟಡದ ಗೇಟು ಅಗಲವಾದ ರಸ್ತೆಯ ಕಡೆಗೆ ಹೋಯಿತು. ಮಕ್ಕಳು ಶಾಲೆಗೆ ಹೋಗುವ ಹೊತ್ತಿನಲ್ಲಿ ಲಾರಿ ಬರಬಾರದು ಅಂತ ಷರತ್ತು ಬಂತು. ನಿಧಾನಕ್ಕೆ ನೀರು ಬಿಡುವ ತೊಟ್ಟಿಯೂ ನಕ್ಷೆಗೆ ಸೇರಿತು.

ಈಗ ಅಡಿಪಾಯ ಏಳುತ್ತಿದೆ. ತೊಟ್ಟಿಯ ತೂತು ಸಣ್ಣದು, ಎಲೆ, ಹೂಳು ಬಂದು ಕಟ್ಟಿಕೊಂಡರೆ ತೊಟ್ಟಿ ಇದ್ದೂ ಇಲ್ಲದ ಹಾಗೆ. ಕಟ್ಟಿದವರು ಹೋದ ಮೇಲೆ ಅದನ್ನು ಯಾರು ತೆಗೆಸುತ್ತಾರೆ, ವರ್ಷಕ್ಕೆ ಎಷ್ಟು ಸಲ ಅಂತ ಬರೆದು ಕೇಳಿದ್ದೇವೆ. ಉತ್ತರ ಬಂದಿಲ್ಲ. ಹೋದ ವಾರ ಇನ್ನೊಂದು ಪತ್ರ ಕೊಟ್ಟು, ತಲುಪಿದ್ದಕ್ಕೆ ಮುದ್ರೆ ಹಾಕಿಸಿಕೊಂಡು ಬಂದೆ.