ವೂಫರ್ ಎಷ್ಟು ಓಮ್, ಆಂಪ್ ಎಷ್ಟು ಓಮ್? ವೈರ್ ಸೇರಿಸುವ ಮೊದಲು ಲೆಕ್ಕ ಹಾಕಿ

ನಮ್ಮ ಬೀದಿಯ ಹುಡುಗ ಕಾರಿನ ಡಿಕ್ಕಿ ತೆರೆದು ನನ್ನನ್ನು ಕರೆದ. "ಅಣ್ಣಾ, ಪಿ.ಬಿ. ರೋಡ್ ದಾಟೋ ತನಕ ಚೆನ್ನಾಗಿ ಬಡಿತೈತೆ, ಆಮೇಲೆ ತಾನೇ ಬಂದ್ ಆಗ್ತೈತೆ. ಆಂಪ್ ಹೋಗೈತೆ, ಹೊಸದು ತಗೋ ಅಂತ ಅಂಗಡೀಲಿ ಹೇಳಿದ್ರು." ಆಂಪ್, ಅಂದರೆ ವೂಫರ್‌ಗೆ (ಬಾಸ್ ನುಡಿಸುವ ದೊಡ್ಡ ಸ್ಪೀಕರ್‌ಗೆ) ಶಕ್ತಿ ಕೊಡುವ ಆಂಪ್ಲಿಫೈಯರ್, ಹೋಗಿರಲಿಲ್ಲ. 2 ಓಮ್‌ಗಿಂತ ಕೆಳಗೆ ಇಳಿಸಬಾರದು ಎಂದು ಬರೆದಿದ್ದ ಆಂಪ್‌ಗೆ 1 ಓಮ್ ಲೋಡ್ ಹಾಕಿದ್ದರು. ಓಮ್ ಅಂದರೆ ಕರೆಂಟಿಗೆ ಇರುವ ತಡೆ, ಅದು ಕಡಿಮೆಯಾದಷ್ಟೂ ಆಂಪ್‌ನಿಂದ ಹೆಚ್ಚು ಕರೆಂಟ್ ಹರಿಯುತ್ತದೆ. ಆಂಪ್ ಕಾದು ಕಾದು, ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತಿತ್ತು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಮುಚ್ಚಿದ ಡಿಕ್ಕಿಯೊಳಗೆ ಇನ್ನೇನಾಗುತ್ತದೆ? ಈ ತಪ್ಪನ್ನು ನಾನು ತುಂಬಾ ಕಾರುಗಳಲ್ಲಿ ನೋಡಿದ್ದೇನೆ.

ಮೊದಲು ಆಂಪ್‌ನ ಕಾಗದ ಓದಿ. ಎಷ್ಟು ಓಮ್‌ವರೆಗೆ ತಡೆಯುತ್ತದೆ, ಆ ಓಮ್‌ನಲ್ಲಿ ಆರ್‌ಎಂಎಸ್ ವ್ಯಾಟ್ (ನಿಲ್ಲದೆ ಕೊಡಬಲ್ಲ ಶಕ್ತಿ) ಎಷ್ಟು, ಇವೆರಡೇ ಬೇಕು. ಡಬ್ಬದ ಮೇಲಿನ '3000 ವ್ಯಾಟ್' ಸ್ಟಿಕ್ಕರ್ ನಂಬಬೇಡಿ. ಆಂಪ್‌ನ ಫ್ಯೂಸ್ ನೋಡಿ. 30 ಆಂಪಿಯರ್‌ನ ಒಂದೇ ಫ್ಯೂಸ್ ಇದ್ದರೆ ಬ್ಯಾಟರಿಯಿಂದ ಎಳೆಯುವುದೇ ಸುಮಾರು 400 ವ್ಯಾಟ್. ಅದರಲ್ಲಿ 3000 ಎಲ್ಲಿಂದ ಬರಬೇಕು? ಅಂಥ ಮಾಲು ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನು ವೂಫರ್. ಹಿಂದೆ ಒಂದು ಜೊತೆ ಟರ್ಮಿನಲ್ ಇದ್ದರೆ ಒಂದೇ ಕಾಯಿಲ್ (ಕೋನ್ ಅಲುಗಿಸುವ ತಂತಿ ಸುರುಳಿ), ಎರಡು ಜೊತೆ ಇದ್ದರೆ ಸಾಮಾನ್ಯವಾಗಿ ಡ್ಯುಯಲ್ ಕಾಯಿಲ್. 'ಡ್ಯುಯಲ್ 4 ಓಮ್' ಎಂದರೆ ಒಂದೊಂದು ಕಾಯಿಲ್ 4 ಓಮ್ ಎಂದು ಅರ್ಥ.

ಜನ ಎಡವುವುದು ಇಲ್ಲಿಂದ ಮುಂದೆ. ಸ್ವಲ್ಪ ನಿಧಾನವಾಗಿ ಓದಿ. ಭದ್ರಾ ನಾಲೆಯ ತೂಬು ನೆನಪಿಸಿಕೊಳ್ಳಿ. ಒಂದು ತೂಬು ತೆರೆದರೆ ಒಂದಿಷ್ಟು ನೀರು. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ತೆರೆದರೆ ನೀರು ಎರಡು ಪಟ್ಟು, ಅಲ್ವಾ? ಪ್ಯಾರಲಲ್ ಅಂದರೆ ಇದೇ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸುತ್ತೀರಿ. ಕರೆಂಟಿಗೆ ದಾರಿ ಎರಡಾಗುತ್ತದೆ, ಓಮ್ ಅರ್ಧಕ್ಕೆ ಇಳಿಯುತ್ತದೆ. ಎರಡು 4 ಓಮ್ ಕಾಯಿಲ್ ಸೇರಿ 2 ಓಮ್. ಸೀರೀಸ್‌ನಲ್ಲಿ ಒಂದು ಕಾಯಿಲ್‌ನ ಮೈನಸ್ ಇನ್ನೊಂದರ ಪ್ಲಸ್‌ಗೆ ಹೋಗುತ್ತದೆ. ದಾರಿ ಒಂದೇ, ಆದರೆ ಉದ್ದ. ಓಮ್ ಕೂಡುತ್ತದೆ: 4 ಮತ್ತು 4 ಸೇರಿ 8.

ಆ ಹುಡುಗನ ಕಾರಿನಲ್ಲಿ ಡ್ಯುಯಲ್ 4 ಓಮ್ ವೂಫರ್ ಎರಡಿದ್ದವು. ಅಂದರೆ ನಾಲ್ಕು ಕಾಯಿಲ್. ಎಲ್ಲವನ್ನೂ ಪ್ಯಾರಲಲ್ ಮಾಡಿದ್ದರಿಂದ 4 ಭಾಗಿಸು 4, 1 ಓಮ್. ನಾನು ಒಂದೊಂದು ವೂಫರ್‌ನ ಎರಡು ಕಾಯಿಲ್‌ಗಳನ್ನು ಸೀರೀಸ್ ಮಾಡಿ 8 ಓಮ್ ಮಾಡಿದೆ. ಆ ಎರಡು ವೂಫರ್‌ಗಳನ್ನು ಪ್ಯಾರಲಲ್ ಮಾಡಿದಾಗ 4 ಓಮ್ ಬಂತು. 2 ಓಮ್‌ನಲ್ಲಿ ಕೊಡುವುದಕ್ಕೆ ಹೋಲಿಸಿದರೆ ಆಂಪ್ ಕೊಡುವ ವ್ಯಾಟ್ ಸುಮಾರು ಅರ್ಧ ಆಯಿತು, ನಿಜ. ಆದರೆ ವ್ಯಾಟ್ ಅರ್ಧ ಆದರೆ ಇಳಿಯುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಸ್ವಲ್ಪವೇ ಗೊತ್ತಾಗುತ್ತದೆ. ಈಗ ಅವನು ಚಿತ್ರದುರ್ಗದವರೆಗೆ ನಿಲ್ಲದೆ ಹಾಡು ಕೇಳಿಕೊಂಡು ಹೋಗುತ್ತಾನೆ. ಸರಿಯಾಗಿ 2 ಓಮ್ ಬೇಕಿದ್ದರೆ ಅವನು ಕೊಳ್ಳುವಾಗಲೇ ಡ್ಯುಯಲ್ 2 ಓಮ್‌ನವು ಎರಡು, ಇಲ್ಲವೇ ಡ್ಯುಯಲ್ 4 ಓಮ್‌ನದು ಒಂದೇ ತರಬೇಕಿತ್ತು. ನನ್ನನ್ನು ಕೇಳಿದರೆ ಸಣ್ಣ ಕಾರಿಗೆ ಒಳ್ಳೆಯದೊಂದು ವೂಫರ್ ಸಾಕು.

ಮೋನೋಬ್ಲಾಕ್ (ಒಂದೇ ಚಾನೆಲ್‌ನ) ಆಂಪ್‌ನಲ್ಲಿ ಇನ್ನೊಂದು ಮೋಸ ಹೋಗುವ ಜಾಗ ಇದೆ. ಸ್ಪೀಕರ್‌ಗೆ ಎರಡು ಜೊತೆ ಟರ್ಮಿನಲ್ ಕಾಣುತ್ತದೆ. ಅದನ್ನು ಎರಡು ಚಾನೆಲ್ ಅಂದುಕೊಳ್ಳುತ್ತಾರೆ. ಅಲ್ಲ, ಒಳಗೆ ಎರಡೂ ಒಂದೇ. ಒಂದೊಂದಕ್ಕೆ 2 ಓಮ್ ಹಾಕಿದರೆ ಆಂಪ್‌ಗೆ ಬೀಳುವುದು 1 ಓಮ್. ಇನ್ನು 2 ಅಥವಾ 4 ಚಾನೆಲ್ ಆಂಪ್ ಬ್ರಿಜ್ ಮಾಡಿದರೆ, ಅಂದರೆ ಎರಡು ಚಾನೆಲ್ ಸೇರಿಸಿ ಒಂದೇ ಲೋಡ್ ನಡೆಸಿದರೆ, ಒಂದೊಂದು ಚಾನೆಲ್‌ಗೆ ಲೋಡ್‌ನ ಅರ್ಧ ಓಮ್ ಮಾತ್ರ ಕಾಣುತ್ತದೆ. ಹಾಗಾಗಿ ಚಾನೆಲ್‌ಗೆ 2 ಓಮ್ ತಡೆಯುವ ಆಂಪ್‌ಗೆ ಬ್ರಿಜ್‌ನಲ್ಲಿ 4 ಓಮ್‌ಗಿಂತ ಕಡಿಮೆ ಕೊಡಲೇಬೇಡಿ. ಒಂದು ಕಾಯಿಲ್ ಸುಮ್ನೆ ಬಿಟ್ಟು ಇನ್ನೊಂದನ್ನೇ ಜೋಡಿಸುವ ಅಡ್ಡದಾರಿಯೂ ಬೇಡ. ವೂಫರ್ ತಡೆಯುವ ವ್ಯಾಟ್ ಅರ್ಧಕ್ಕೆ ಬರುತ್ತದೆ, ಆ ಕಾಯಿಲ್ ಬೇಗ ಸುಡುತ್ತದೆ.

ವೈರ್ ಸೇರಿಸಿದ ಮೇಲೆ, ಆಂಪ್‌ಗೆ ಜೋಡಿಸುವ ಮೊದಲು, ಮಲ್ಟಿಮೀಟರ್ ಹಿಡಿಯಿರಿ. ಇದನ್ನು ಬಿಡಬೇಡಿ. ಮೊದಲು ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ. 0.2, 0.3 ಏನಾದರೂ ತೋರಿಸಿದರೆ ಅದನ್ನು ಕಳೆಯಿರಿ. ಆಮೇಲೆ ವೂಫರ್ ಬಾಕ್ಸ್‌ನಿಂದ ಬರುವ ಎರಡು ವೈರ್ ಅಳೆಯಿರಿ. ಮೀಟರ್ ಯಾವಾಗಲೂ ಬರೆದಿರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ: 4 ಓಮ್‌ಗೆ 3.5ರ ಆಸುಪಾಸು, 2 ಓಮ್‌ಗೆ 1.7ರ ಆಸುಪಾಸು. ಅದು ದೋಷವಲ್ಲ. ನಿಮ್ಮ ಲೆಕ್ಕ 4 ಇದ್ದು ಮೀಟರ್ 0.9 ಅಂದರೆ ವೈರ್ ಬಿಚ್ಚಿ ಮತ್ತೆ ಶುರು ಮಾಡಿ. ಪ್ಲಸ್ ಮೈನಸ್ ಅದಲು ಬದಲಾಗಿದ್ದರೆ ಮೀಟರ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ 1.5 ವೋಲ್ಟ್ ಸೆಲ್ ಅನ್ನು ಅದೇ ವೈರ್‌ಗಳಿಗೆ, ಪ್ಲಸ್‌ಗೆ ಪ್ಲಸ್ ಬರುವಂತೆ, ಕ್ಷಣಕಾಲ ಮುಟ್ಟಿಸಿ. ಎರಡೂ ವೂಫರ್‌ಗಳ ಕೋನ್ ಒಟ್ಟಿಗೆ ಹೊರಗೆ ಬರಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ಬಾಸ್ ಪರಸ್ಪರ ಕಡಿದುಹೋಗುತ್ತದೆ.

ಬ್ಯಾಟರಿ ಕಡೆ ಕೆಲಸ ಸುಲಭ. ಪವರ್ ವೈರ್‌ಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್, ಅರ್ತ್‌ಗೆ ಕಾರಿನ ಬಾಡಿಯ ಪೇಂಟ್ ಕೆರೆದ ಬರಿ ಲೋಹ. ವೈರ್ ಮಾತ್ರ ಅಪ್ಪಟ ತಾಮ್ರದ್ದೇ ಬೇಕು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಕಿಟ್‌ಗಳು ನೋಡಲು ದಪ್ಪಗಿರುತ್ತವೆ, ಆದರೆ ಅಷ್ಟೇ ದಪ್ಪದ ತಾಮ್ರದಷ್ಟು ಕರೆಂಟ್ ಸಾಗಿಸುವುದಿಲ್ಲ. ತುದಿ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಕೊನೆಗೆ ಬಾಸ್ ಬೂಸ್ಟ್ ಸೊನ್ನೆಗೆ ಇಟ್ಟು, ಗೇನ್ (ಆಂಪ್ ಎಷ್ಟು ಎತ್ತಿ ಕೊಡಬೇಕು ಎಂದು ಹೊಂದಿಸುವ ತಿರುಗುಗುಂಡಿ) ಕೆಳಗಿನಿಂದ ನಿಧಾನವಾಗಿ ಏರಿಸಿ. ಬಾಸ್ ಒರಟಾಗಿ ಕೇಳಿಸಿದ ಕಡೆಯಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಅರ್ಧ ಗಂಟೆ ಹಾಡು ಹಾಕಿ ಆಂಪ್ ಮುಟ್ಟಿ ನೋಡಿ. ಕೈ ಇಡಲು ಆಗದಷ್ಟು ಕಾದಿದ್ದರೆ ಮತ್ತೆ ಓಮ್ ಅಳೆಯಿರಿ. ಎಲ್ಲ ಸರಿ ಇದ್ದರೆ ಟೇಪ್ ತುಂಡಿನ ಮೇಲೆ 'ಲೋಡ್ 4 ಓಮ್' ಎಂದು ಬರೆದು ಬಾಕ್ಸ್ ಹಿಂದೆ ಅಂಟಿಸಿ. ನಾಳೆ ಬೇರೆಯವರು ಡಿಕ್ಕಿ ತೆರೆದರೂ ತಿಳಿಯುತ್ತದೆ.