ಸ್ಮಿತ್ ಎಂಬ ಅಡ್ಡಹೆಸರಿನ ಬೇರು ಸಿಕ್ಕ ಬಗೆ: ನನ್ನ ಅನುಭವ

ಐರ್ಲೆಂಡಿನವನಾದ ನನ್ನ ಗಂಡನ ಮನೆತನದ ಹೆಸರು ಸ್ಮಿತ್. ಅದು ಇಂಗ್ಲೆಂಡಿನಿಂದ ಬಂದವರ ಹೆಸರು, ಅದರಲ್ಲಿ ಹುಡುಕುವುದೇನಿದೆ ಎಂದು ಮೈದುನ ಪ್ರತಿ ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬದ ಊಟದಲ್ಲಿ ನಗುತ್ತಿದ್ದ. ಬಡಿಗೇರ, ಕಮ್ಮಾರ, ಪತ್ತಾರ ಎಂಬ ಅಡ್ಡಹೆಸರುಗಳ ನಡುವೆ ಧಾರವಾಡದಲ್ಲಿ ಬೆಳೆದ ನನಗೆ, ಕಮ್ಮಾರನೆಂಬ ಅರ್ಥದ ಆ ಹೆಸರು ಯಾವುದೋ ಐರಿಷ್ ಹೆಸರಿನ ಭಾಷಾಂತರವೇ ಇರಬೇಕೆಂಬ ಗುಮಾನಿ ಮೊದಲಿನಿಂದಲೂ ಇತ್ತು.

ಆರಂಭದಲ್ಲಿ ಕಳೆದುಕೊಂಡದ್ದೇ ಹೆಚ್ಚು. ಅಂಗಡಿಯಿಂದ ತಂದ ಚೌಕಟ್ಟು ಹಾಕಿದ ಕುಲಲಾಂಛನಕ್ಕೆ ಸುಮಾರು 60 ಯೂರೊ ಹೋಯಿತು. ಹಣ ಪಡೆದು ಹುಡುಕಿಕೊಟ್ಟವರೊಬ್ಬರು 350 ಯೂರೊ ತೆಗೆದುಕೊಂಡು ಬೇರೆಯವರ ವಂಶವೃಕ್ಷವನ್ನು ನಮಗೆ ಅಂಟಿಸಿದರು. ಐರಿಷರು ಊರು, ಬಣ್ಣ ಅಥವಾ ಕಸುಬಿನ ಇಂಗ್ಲಿಷ್ ಹೆಸರು ಇಟ್ಟುಕೊಳ್ಳಬೇಕೆಂದ 1465ರ ಕಾನೂನನ್ನೇ ಹಿಡಿದು ನಾನು ಏಳೆಂಟು ತಿಂಗಳು ಕಳೆದೆ. ಅದು ಡಬ್ಲಿನ್, ಮೀತ್, ಲೌತ್, ಕಿಲ್ಡೇರ್ ಎಂಬ ನಾಲ್ಕು ಕೌಂಟಿಗಳಿಗೆ (ಜಿಲ್ಲೆಗಳಿಗೆ) ಮಾತ್ರ ಅನ್ವಯಿಸಿತ್ತು, ನಮ್ಮವರಾದರೋ ಅವುಗಳ ಹೊರಗಿನ ಕ್ಯಾವನ್‌ನವರು. 1901ರ ಜನಗಣತಿಯಲ್ಲಿ 57 ವರ್ಷದವನಾಗಿದ್ದ ಮುತ್ತಜ್ಜ 1911ರಲ್ಲಿ 71 ಆಗಿದ್ದುದರಿಂದ, ಇವನು ಬೇರೆಯವನೆಂದು ತಿಳಿದು ಅವನನ್ನು ಎರಡು ಬಾರಿ ಬದಿಗಿಟ್ಟೆ. 1909ರಲ್ಲಿ 70 ದಾಟಿದವರಿಗೆ ಪಿಂಚಣಿ ಆರಂಭವಾದದ್ದು ನೆನಪಾದಾಗಲೇ ಆ ವಯಸ್ಸಿನ ಗುಟ್ಟು ಬಯಲಾಯಿತು: ಪಿಂಚಣಿಗಾಗಿ ಅವನು ವಯಸ್ಸು ಏರಿಸಿ ಹೇಳಿದ್ದ.

1851ರವರೆಗಿನ ಜನಗಣತಿಗಳ ಬಹುಭಾಗ 1922ರಲ್ಲಿ ಡಬ್ಲಿನ್ ದಾಖಲೆ ಕಚೇರಿಯ ಬೆಂಕಿಯಲ್ಲಿ ಹೋಗಿರುವಾಗ ಉಳಿಯುವುದು ಚರ್ಚಿನ ದೀಕ್ಷಾಸ್ನಾನದ ದಾಖಲೆಗಳೇ. ನಾನು ಅಡ್ಡಹೆಸರನ್ನು ಹುಡುಕುವುದನ್ನೇ ಬಿಟ್ಟು, ತಾಯಿಯ ತವರಿನ ಹೆಸರು, ಹಳ್ಳಿ ಮತ್ತು ಧರ್ಮಪಿತನ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವನ) ಹೆಸರು ಈ ಮೂರನ್ನೇ ಹಿಡಿದು, ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಉಚಿತವಾಗಿ ತೆರೆದಿಟ್ಟ ಆ ದಾಖಲೆಗಳ ಪುಟಗಳನ್ನು ಒಂದೊಂದಾಗಿ ಓದಿದೆ. ಒಂದೇ ಮನೆಯ ನಾಲ್ಕು ಮಕ್ಕಳಲ್ಲಿ ಮೂವರ ದಾಖಲೆಯಲ್ಲಿ ತಂದೆಯ ಹೆಸರು ಸ್ಮಿತ್; ನಾಲ್ಕನೆಯದರಲ್ಲಿ ತಂದೆಯ ಹೆಸರು ಮೆಕ್‌ಗವನ್. ತಾಯಿಯೂ ಹಳ್ಳಿಯೂ ಧರ್ಮಪಿತನೂ ಅವರೇ! ಅದರ ಐರಿಷ್ ರೂಪ ಮಾಕ್ ಗವನ್, ಎಂದರೆ ಕಮ್ಮಾರನ ಮಗ. 1850ರ ದಶಕದಲ್ಲಿ ತೆರಿಗೆಗಾಗಿ ಜಮೀನುಗಳ ಬೆಲೆಕಟ್ಟಿದ ಗ್ರಿಫಿತ್ ಮೌಲ್ಯಮಾಪನದಲ್ಲಿ ಅದೇ ಹಳ್ಳಿಯ ಅದೇ ಜಮೀನು ಸ್ಮಿತ್ ಹೆಸರಿನಲ್ಲಿದ್ದುದು ಸಂಶಯಕ್ಕೆ ಎಡೆಯಿಡಲಿಲ್ಲ. ಮಸುಕಾದ ಲ್ಯಾಟಿನ್ ಅಕ್ಷರಗಳನ್ನು ಓದಲು ನಾನು ಕಂಡುಕೊಂಡ ಉಪಾಯವೊಂದಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಚಪಲಕ್ಕೆ ಗಂಡನ ಎಂಜಲನ್ನು ಡಿಎನ್‌ಎ ಪರೀಕ್ಷೆಗೂ ಕಳುಹಿಸಿದ್ದೆ. ಎಂಬತ್ತು ಯೂರೊ ತೆತ್ತು ಸಿಕ್ಕಿದ್ದು ಅಮೆರಿಕದ ದೂರದ ದಾಯಾದಿಗಳು. ಅವರಿಗೆ ನಮಗಿಂತ ಕಡಿಮೆ ಗೊತ್ತಿತ್ತು. ಜನನ ದಾಖಲೆಯ ನಕಲಿಗೆ ನಾಲ್ಕೈದು ಯೂರೊ ಕೊಟ್ಟದ್ದೇ ಸಾರ್ಥಕವಾದ ಖರ್ಚು.

ಈ ವರ್ಷದ ಹಬ್ಬಕ್ಕೆ ಮೈದುನನೇ ಮಾಕ್ ಗವನ್ ಎಂದು ಕೆತ್ತಿಸಿದ ಬಾಗಿಲ ಫಲಕ ತಂದ. ಐರಿಷ್‌ನಲ್ಲಿ ಮಗಳಾದವಳು ಮಾಕ್ ಬದಲು ನಿಕ್ ಆಗುತ್ತಾಳೆ, ಹೆಂಡತಿಯಾದವಳು ವಿಕ್ ಆಗುತ್ತಾಳೆ ಎಂದು ನಾನು ತಿಳಿಸಿದಾಗ, ಇನ್ನೆರಡು ಫಲಕಗಳಿಗೆ ಎಷ್ಟಾಗುತ್ತದೆಂದು ಅವನು ಲೆಕ್ಕ ಹಾಕತೊಡಗಿದ.