ಐದು ಜನ, ಮೂರು ಥರದ ಕಾಗದ: ಗ್ಯಾಲ್ವೆಸ್ಟನ್‌ನಲ್ಲಿ ಹಡಗು ಹತ್ತಿದ ನನ್ನ ಅನುಭವ

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನ ಮಾತು ನಂಬಿ ಹೊರಟಿದ್ದರೆ, ನಾವು ದಡದಲ್ಲಿ ನಿಂತು ಹಡಗಿನ ಫೋಟೊ ತೆಗೆದುಕೊಂಡು ಮನೆಗೆ ವಾಪಸ್ ಬರಬೇಕಿತ್ತು. ಅವನು ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವನು, ವರ್ಷಕ್ಕೊಮ್ಮೆ ಅಲ್ಲಿನ ಗ್ಯಾಲ್ವೆಸ್ಟನ್ ಬಂದರಿನಿಂದ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಹೋಗುವವನು. "ಬರ್ತ್ ಸರ್ಟಿಫಿಕೇಟು, ಡ್ರೈವಿಂಗ್ ಲೈಸೆನ್ಸು ಇದ್ರೆ ಮುಗೀತು, ಪಾಸ್‌ಪೋರ್ಟೇ ಬೇಡ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅಮೆರಿಕದ ಪ್ರಜೆಗಳಿಗೆ ಆ ರಿಯಾಯಿತಿ ನಿಜವಾಗಿಯೂ ಇದೆ. ಹಡಗು ಅಮೆರಿಕದ ಯಾವ ಬಂದರಿನಿಂದ ಹೊರಡುತ್ತದೋ ಅದೇ ಬಂದರಿಗೆ ವಾಪಸ್ ಬಂದರೆ ಅದನ್ನು ಕ್ಲೋಸ್ಡ್ ಲೂಪ್ ಅನ್ನುತ್ತಾರೆ. ಸಮುದ್ರದ ದಾರಿಗೂ ಪಾಸ್‌ಪೋರ್ಟ್ ನಿಯಮ ಬಿಗಿಯಾದದ್ದು 2009ರ ಜೂನ್‌ನಲ್ಲಿ. ಆಗಲೂ ಇಂಥ ಪ್ರವಾಸಕ್ಕೆ ಮಾತ್ರ ಹುಟ್ಟಿದ ಪ್ರಮಾಣಪತ್ರ ಮತ್ತು ಸರ್ಕಾರಿ ಫೋಟೊ ಐಡಿ ಸಾಕು ಅಂತ ಉಳಿಸಿಕೊಂಡರು. ಆದರೆ ಅದು ಅವನಿಗೆ. ಅರಸೀಕೆರೆಯಲ್ಲಿ ಹುಟ್ಟಿದ ನಮ್ಮಪ್ಪನಿಗಲ್ಲ.

ನಮ್ಮ ಮನೆಯಿಂದ ಹೊರಟವರು ಐದು ಜನ. ನಾನು, ನನ್ನ ಗಂಡ ಇಬ್ಬರೂ ಎಚ್-1ಬಿ, ಅಂದರೆ ಕೆಲಸದ ವೀಸಾದವರು. ಮಗಳಿಗೆ ಆರು ವರ್ಷ, ಹ್ಯೂಸ್ಟನ್‌ನಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಊರಿಂದ ಬಂದವರು, ಬಿ1/ಬಿ2 ಅನ್ನುವ ಸಂದರ್ಶಕರ ವೀಸಾ. ಜೊತೆಗೆ ತುಮಕೂರಿನ ಕಡೆಯ ಸ್ನೇಹಿತರ ಸಂಸಾರ ಒಂದು, ಅವರದು ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಇರುವ ಅನುಮತಿ. ಒಂದೇ ಹಡಗು, ಒಂದೇ ಕ್ಯೂ. ಆದರೆ ಕೌಂಟರಿನಲ್ಲಿ ಒಬ್ಬೊಬ್ಬರಿಂದ ಕೇಳುವ ಕಾಗದ ಬೇರೆ.

ಈ ಕ್ರೂಸಿನ ವಿಚಾರದಲ್ಲಿ ನಮ್ಮವರೆಲ್ಲ ಎಡವುವುದು ಒಂದೇ ಕಡೆ. ಗ್ಯಾಲ್ವೆಸ್ಟನ್‌ನಲ್ಲಿ ಹತ್ತಿ ಗ್ಯಾಲ್ವೆಸ್ಟನ್‌ನಲ್ಲೇ ಇಳಿಯೋದು, ಕಾರೂ ಅಲ್ಲೇ ಪಾರ್ಕಿಂಗ್‌ನಲ್ಲಿ ನಿಂತಿರುತ್ತೆ, ಹಾಗಾಗಿ ಎಲ್ಲೂ ಹೋಗೇ ಇಲ್ಲ ಅನ್ನಿಸಿಬಿಡುತ್ತದೆ. ಕಾನೂನಿನ ಕಣ್ಣಲ್ಲಿ ನೀವು ದೇಶ ಬಿಟ್ಟು ಹೋಗಿ ಮತ್ತೆ ಒಳಗೆ ಬರುತ್ತಿದ್ದೀರಿ. ಕೌಂಟರಿನ ಹುಡುಗಿ ನಿಮ್ಮ ಪಾಸ್‌ಪೋರ್ಟ್ ತಿರುವುವಾಗ ಹುಡುಕುವುದು ಒಂದೇ: ಐದು ದಿನ ಬಿಟ್ಟು ಇವರು ವಾಪಸ್ ಬಂದಾಗ ಇಮಿಗ್ರೇಷನ್‌ನವರು ಒಳಗೆ ಬಿಡ್ತಾರಾ? ಬಿಡದಿದ್ದರೆ ತಲೆನೋವು ಹಡಗಿನ ಕಂಪನಿಗೆ. ಅದಕ್ಕೇ ಅವರು ಹತ್ತುವ ಮುಂಚೆಯೇ ಅಷ್ಟು ಕಟ್ಟುನಿಟ್ಟು. ಇದು ನನ್ನ ತಲೆಗೆ ಹೋದಮೇಲೆ ಉಳಿದ ನಿಯಮಗಳೆಲ್ಲ ತಾನಾಗಿಯೇ ಅರ್ಥವಾದವು.

ನಿಜ ಹೇಳಬೇಕೆಂದರೆ ಹಿಂದಿನ ವರ್ಷವೇ ಹೋಗಬೇಕು ಅಂತಿತ್ತು. ಆಗ ನನ್ನ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿತ್ತು. ಕೆಲಸದ ಅನುಮತಿ, ಅದರ ಮಂಜೂರಾತಿ ಪತ್ರ ಐ-797, ದೇಶದಲ್ಲಿ ಯಾವ ತಾರೀಖಿನವರೆಗೆ ಇರಬಹುದು ಅನ್ನುವ ದಾಖಲೆ ಐ-94 ಎಲ್ಲ ಸರಿ. ದೇಶದೊಳಗೆ ಇರಲು ಏನೂ ತೊಂದರೆಯಿಲ್ಲ. ಹೊರಗೆ ಹೋದರೆ ಮಾತ್ರ ತಕರಾರು. ಇದಕ್ಕೆ ಆಟೊಮ್ಯಾಟಿಕ್ ರಿವ್ಯಾಲಿಡೇಷನ್ ಅಂತ ಒಂದು ದಾರಿ ಇದೆ. 30 ದಿನದೊಳಗೆ ವಾಪಸ್ ಬಂದರೆ, ಐ-94 ಜಾರಿಯಲ್ಲಿದ್ದರೆ, ಹಳೇ ಸ್ಟ್ಯಾಂಪಿನ ಮೇಲೇ ಒಳಗೆ ಬರಬಹುದು. ಆದರೆ ಇದರ ಒಳಸುಳಿ ಕೇಳಿ. ಎಫ್ ಮತ್ತು ಜೆ ವೀಸಾದವರಿಗೆ, ಅಂದರೆ ವಿದ್ಯಾರ್ಥಿಗಳು ಮುಂತಾದವರಿಗೆ, ಕೆನಡಾ, ಮೆಕ್ಸಿಕೋ ಜೊತೆಗೆ ಕ್ಯೂಬಾ ಬಿಟ್ಟು ಸುತ್ತಲಿನ ದ್ವೀಪಗಳಿಗೂ ಅದು ಅನ್ವಯಿಸುತ್ತದೆ. ಎಚ್-1ಬಿಯವರಿಗೆ ಕೆನಡಾ, ಮೆಕ್ಸಿಕೋ ಎರಡೇ. ಎಂ.ಎಸ್. ಓದುವಾಗ ಬಹಾಮಾಸ್‌ಗೆ ಹೋಗಿ ಆರಾಮಾಗಿ ಬಂದವರು, ಕೆಲಸಕ್ಕೆ ಸೇರಿದ ಮೇಲೆ ಅದೇ ಧೈರ್ಯದಲ್ಲಿ ಟಿಕೆಟ್ ಮಾಡಿದರೆ ಸಿಕ್ಕಿಬೀಳುತ್ತಾರೆ.

ಮೆಕ್ಸಿಕೋಗೆ ಮಾತ್ರ ಹೋಗುವ ಹಡಗು ಹಿಡಿದರಾಯಿತಲ್ಲ ಅಂತ ನನ್ನ ಗಂಡ. ಆದರೆ ಭಾರತೀಯರಿಗೆ ಮೆಕ್ಸಿಕೋ ವೀಸಾ ಬೇಡ ಅನ್ನುವುದೇ ಕೈಯಲ್ಲಿ ಜಾರಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ. ನನ್ನದು ಮುಗಿದಿದೆಯಲ್ಲ! ಹಡಗಿನ ಕಂಪನಿಗೆ ಮೂರು ಸಲ ಫೋನ್ ಮಾಡಿದೆ. ಮೂವರು ಮೂರು ಉತ್ತರ ಕೊಟ್ಟರು. ಒಬ್ಬಾಕೆಗಂತೂ ರಿವ್ಯಾಲಿಡೇಷನ್ ಅನ್ನುವ ಪದವನ್ನೇ ನಾನು ಸ್ಪೆಲ್ಲಿಂಗ್ ಸಮೇತ ಹೇಳಬೇಕಾಯಿತು. ಕಾನೂನು ನಮ್ಮ ಕಡೆ ಇದ್ದರೂ ಬಂದರಿನ ಕೌಂಟರಿನಲ್ಲಿ ಆ ದಿನ ಕೂತವರಿಗೆ ಅದು ಗೊತ್ತಿರಬೇಕಲ್ಲ. ಅಲ್ಲಿ ನಿಂತು ವಾದ ಮಾಡುವ ಪೈಕಿ ನಾನಲ್ಲ. ಆ ವರ್ಷ ಬಿಟ್ಟುಬಿಟ್ಟೆವು. ಊರಿಗೆ ಹೋದಾಗ ಚೆನ್ನೈಯಲ್ಲಿ ಸ್ಟ್ಯಾಂಪ್ ಮಾಡಿಸಿಕೊಂಡು ಬಂದಮೇಲೇ ಟಿಕೆಟ್ ಮಾತು.

ಏಳು ರಾತ್ರಿಯ ಹಡಗು ಜಮೈಕಾ, ಗ್ರ್ಯಾಂಡ್ ಕೇಮನ್, ಕೊಜುಮೆಲ್ ಸುತ್ತಿ ಬರುತ್ತಿತ್ತು. ನೋಡಲು ಆಸೆ. ಆದರೆ ಒಂದೊಂದು ದ್ವೀಪಕ್ಕೂ ಭಾರತೀಯ ಪಾಸ್‌ಪೋರ್ಟಿನವರಿಗೆ ಏನು ನಿಯಮ ಅಂತ ಬೇರೆ ಬೇರೆಯಾಗಿ ಓದಬೇಕು. ಐದು ರಾತ್ರಿಯದು ಕೊಜುಮೆಲ್, ಪ್ರೊಗ್ರೆಸೊ ಎರಡೇ, ಎರಡೂ ಮೆಕ್ಸಿಕೋ. ಅಮೆರಿಕದ ವೀಸಾ ತೋರಿಸಿದರೆ ಸಾಕು ಅನ್ನುವ ಒಂದೇ ನಿಯಮಕ್ಕೆ ನಾವು ನಾಲ್ವರೂ ಸೇರುತ್ತಿದ್ದೆವು. ಅದನ್ನೇ ಹಿಡಿದೆವು.

ಅಪ್ಪನ ವೀಸಾ ಮಲ್ಟಿಪಲ್ ಎಂಟ್ರಿ ಹೌದೋ ಅಲ್ಲವೋ ಅಂತ ಮೊದಲೇ ನೋಡಿಕೊಂಡಿದ್ದೆ. ವೀಸಾದ ಮೇಲೆ ಎಂಟ್ರೀಸ್ ಅನ್ನುವ ಕಡೆ "ಎಂ" ಅಂತಿರಬೇಕು. ಒಂದೇ ಸಲದ ವೀಸಾ ಆಗಿದ್ದರೆ ಊರಿಂದ ಬಂದಿಳಿದಾಗಲೇ ಅದು ಖರ್ಚಾಗಿಹೋಗಿರುತ್ತದೆ. ಇನ್ನೊಂದು ವಿಷಯ, ಅಪ್ಪನ ಹತ್ತು ವರ್ಷದ ವೀಸಾ ಇದ್ದದ್ದು ಹಳೇ ಪಾಸ್‌ಪೋರ್ಟಿನಲ್ಲಿ. ಆ ಪಾಸ್‌ಪೋರ್ಟ್ ಅವಧಿ ಮುಗಿದು ಹೊಸದು ಮಾಡಿಸಿದಾಗ ಹಳೇದಕ್ಕೆ ಮೂಲೆ ಕತ್ತರಿಸಿ, ರದ್ದು ಮುದ್ರೆ ಹೊಡೆದು ವಾಪಸ್ ಕೊಟ್ಟಿದ್ದರು. ವೀಸಾ ಪುಟ ಹಾಳಾಗಿರದಿದ್ದರೆ ಅದು ಪೂರ್ತಿ ಚಾಲ್ತಿ. ಎರಡನ್ನೂ ಒಟ್ಟಿಗೆ ತೋರಿಸಬೇಕು, ಅಷ್ಟೆ. ಎರಡನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಫೈಲಿನಲ್ಲಿಟ್ಟೆ. ಈ ರಬ್ಬರ್ ಬ್ಯಾಂಡಿನ ಕಥೆ ಮುಂದೆ ಇದೆ.

ಆಮೇಲೆ ಹೆಸರಿನ ಗೋಳು. ನಮ್ಮ ಕಡೆ ಸರ್‌ನೇಮ್ ಅಂತ ಎಲ್ಲಿಂದ ತರೋದು? ಇನಿಷಿಯಲ್‌ನಲ್ಲಿ ಊರು, ಅವರಪ್ಪನ ಹೆಸರು, ಆಮೇಲೆ ತನ್ನ ಹೆಸರು. ಅಪ್ಪನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಎಲ್ಲಾ ಗಿವನ್ ನೇಮ್‌ನಲ್ಲೇ. ಅಮೆರಿಕದ ವೀಸಾದಲ್ಲಿ ಅದು ತಲೆಕೆಳಗಾಗಿದೆ. ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಕಡೆ ಎಫ್‌ಎನ್‌ಯು ಅಂತ ಅಚ್ಚಾಗಿದೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಅವರ ಚುಟುಕು ಅದು. ಆನ್‌ಲೈನ್ ಚೆಕ್-ಇನ್ ಫಾರಂ ಎರಡೂ ಜಾಗ ತುಂಬದೆ ಮುಂದಕ್ಕೇ ಹೋಗದು. ಚುಕ್ಕಿ ಇಟ್ಟರೆ ಒಪ್ಪದು, ಅಡ್ಡಗೆರೆ ಹಾಕಿದರೆ ಕೆಂಪು ಅಕ್ಷರದಲ್ಲಿ ಬೈಯುತ್ತದೆ. ಕೊನೆಗೆ ವೀಸಾದಲ್ಲಿ ಹೇಗಿದೆಯೋ ಹಾಗೇ ಹಾಕಿದೆ. ವಾಪಸ್ ಬರುವಾಗ ಹೋಲಿಸಿ ನೋಡುವುದು ವೀಸಾ ಮತ್ತು ಐ-94 ಜೊತೆಗಲ್ಲವೇ? ಟಿಕೆಟ್ ಮಾಡುವಾಗಲೇ ಹೀಗೆ ಹಾಕಿದ್ದರೆ ತಿದ್ದಿಸಲು ಫೋನ್ ಹಿಡಿದು ಕೂರುವುದು ತಪ್ಪುತ್ತಿತ್ತು.

ಮಗಳದು ಸುಲಭ ಅಂದುಕೊಂಡಿದ್ದೆ. ಹದಿನಾರರ ಒಳಗಿನ ಅಮೆರಿಕನ್ ಮಕ್ಕಳಿಗೆ ಇಂಥ ಹಡಗಿಗೆ ಬರ್ತ್ ಸರ್ಟಿಫಿಕೇಟ್ ಒಂದೇ ಸಾಕು. ಅವಳ ಪಾಸ್‌ಪೋರ್ಟ್ ಮುಗಿದಿತ್ತು. ಮಕ್ಕಳದು ಐದೇ ವರ್ಷ, ನಮಗೆ ನೆನಪೇ ಇರಲಿಲ್ಲ. ಬೀರುವಿನಿಂದ ಚಂದದ ಕಾಗದ ತೆಗೆದು ಫೈಲಿಗೆ ಸೇರಿಸಿದೆ. ಆಸ್ಪತ್ರೆಯ ಹೆಸರು, ಗುಲಾಬಿ ಅಂಚು, ಹುಟ್ಟಿದ ದಿನ ಒತ್ತಿದ ಪುಟ್ಟ ಪಾದಗಳ ಗುರುತು. ಹೊರಡಲು ಹನ್ನೆರಡು ದಿನ ಇರುವಾಗ ತುಮಕೂರಿನ ಗೆಳತಿ ಅದನ್ನು ನೋಡಿ ನಕ್ಕಳು. "ಇದು ಫ್ರೇಮ್ ಹಾಕ್ಸೋಕೆ ಕಣೇ, ಹಡಗಿಗಲ್ಲ." ಆಸ್ಪತ್ರೆಯವರು ಕೊಡುವುದು ನೆನಪಿನ ಕಾಣಿಕೆ. ಬೇಕಾದದ್ದು ಸರ್ಕಾರದ ದಾಖಲೆಯಿಂದ ಮುದ್ರೆ ಸಮೇತ ತೆಗೆಸಿದ ಪ್ರತಿ. ಮಾರನೇ ದಿನವೇ ಕೌಂಟಿ ಆಫೀಸಿಗೆ ಹೋಗಿ ತಂದೆ. ಅರ್ಧ ಗಂಟೆಯ ಕೆಲಸ. ಅವಳ ಓಸಿಐ ಕಾರ್ಡನ್ನೂ ಇಟ್ಟುಕೊಳ್ಳೋಣ ಅಂದರು ನನ್ನ ಗಂಡ. ಅದು ಭಾರತಕ್ಕೆ ಹೋಗಲು, ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಒಂದು ಮಾತ್ರ ಮನಸ್ಸಿನಲ್ಲಿ ಕುಟುಕುತ್ತಿತ್ತು. ಮಗುವಿಗೆ ಮೆಕ್ಸಿಕೋದಲ್ಲಿ ಹುಷಾರು ತಪ್ಪಿ ವಿಮಾನದಲ್ಲಿ ವಾಪಸ್ ಬರಬೇಕಾದರೆ ಈ ಸರ್ಟಿಫಿಕೇಟ್ ನಡೆಯುವುದಿಲ್ಲ, ಪಾಸ್‌ಪೋರ್ಟೇ ಬೇಕು. ಆ ಐದು ದಿನ ಅವಳು ಸೀನಿದರೂ ನಾನು ಹಣೆ ಮುಟ್ಟಿ ನೋಡುತ್ತಿದ್ದೆ. ಇನ್ನೊಮ್ಮೆ ಹಾಗೆ ಹೋಗುವುದಿಲ್ಲ.

ಗ್ರೀನ್ ಕಾರ್ಡಿನವರದು ಒಂದೇ ಮಾತಿನಲ್ಲಿ ಮುಗಿಯುತ್ತದೆ: ಕಾರ್ಡು ಮತ್ತು ಭಾರತದ ಪಾಸ್‌ಪೋರ್ಟ್ ಎರಡೂ ಕೈಯಲ್ಲಿರಲಿ. ಸ್ನೇಹಿತರು ತಮ್ಮ ಲೈಸೆನ್ಸಿನ ಮೇಲಿನ ನಕ್ಷತ್ರ ತೋರಿಸಿ "ರಿಯಲ್ ಐಡಿ ಇದೆಯಲ್ಲ" ಅಂದರು. ಅದು ದೇಶದೊಳಗಿನ ವಿಮಾನಕ್ಕೆ. ಅದರಿಂದ ನೀವು ಯಾವ ದೇಶದವರು ಅಂತ ಗೊತ್ತಾಗುವುದಿಲ್ಲ.

ಹೊರಟ ದಿನ ಹ್ಯೂಸ್ಟನ್ ಪಕ್ಕದ ನಮ್ಮೂರು ಕೇಟಿಯಿಂದ 80 ಮೈಲಿ, ಒಂದೂವರೆ ಗಂಟೆ. ಟರ್ಮಿನಲ್ ಮುಂದೆ ಕಾರು ನಿಲ್ಲಿಸುತ್ತಿದ್ದಂತೆ ಪೋರ್ಟರುಗಳು ದೊಡ್ಡ ಸೂಟ್‌ಕೇಸುಗಳನ್ನೆಲ್ಲ ತಳ್ಳಿಕೊಂಡು ಹೋದರು. ಅವು ಸಂಜೆ ಕ್ಯಾಬಿನ್ ಬಾಗಿಲಿಗೆ ಬರುತ್ತವೆ. ನಾವು ಕೈಚೀಲ ಹಿಡಿದು ಒಳಗೆ ಹೋದೆವು.

ಕೌಂಟರಿನ ಹುಡುಗಿ ನನ್ನದು, ಗಂಡನದು, ಅಮ್ಮನದು ನೋಡಿ ಪಕ್ಕಕ್ಕಿಟ್ಟಳು. ಮಗಳ ಸರ್ಟಿಫಿಕೇಟಿನ ಉಬ್ಬುಮುದ್ರೆಯ ಮೇಲೆ ಬೆರಳಾಡಿಸಿದಳು. ಅಪ್ಪನ ಪಾಸ್‌ಪೋರ್ಟ್ ಮುಂದಿನಿಂದ ಹಿಂದಕ್ಕೆ ತಿರುವಿದಳು, ಹಿಂದಿನಿಂದ ಮುಂದಕ್ಕೆ ತಿರುವಿದಳು. "ವೀಸಾ?" ಅಂದಳು. ಫೈಲಿನಲ್ಲಿ ಹೊಸ ಪಾಸ್‌ಪೋರ್ಟ್ ಒಂದೇ ಇತ್ತು. ರಬ್ಬರ್ ಬ್ಯಾಂಡ್ ಇರಲಿಲ್ಲ.

ಅಮ್ಮ ನಿಧಾನಕ್ಕೆ ಹೇಳಿದಳು. "ಅದು ಹಳೇದು ಕಣೇ, ಮೂಲೆ ಬೇರೆ ಕತ್ತರಿಸವ್ರೆ. ಕೆಲಸಕ್ಕೆ ಬರಲ್ಲ, ಕಳೆದುಹೋಗೋದೂ ಬೇಡ ಅಂತ ಸೂಟ್‌ಕೇಸ್ ತಳಕ್ಕೆ ಹಾಕ್ದೆ."

ಸೂಟ್‌ಕೇಸ್ ಆಗಲೇ ಪೋರ್ಟರ್ ಕೈಯಲ್ಲಿ ಹೋಗಿ ಇಪ್ಪತ್ತು ನಿಮಿಷವಾಗಿತ್ತು.

ಬಾಯಿ ಒಣಗಿತು. ಅಪ್ಪ ಮಾತ್ರ ತಣ್ಣಗೆ "ನೀವು ಹೋಗ್ಬನ್ನಿ, ನಾನು ಇಲ್ಲೇ ಸಮುದ್ರ ನೋಡ್ಕೊಂಡು ಕೂತಿರ್ತೀನಿ" ಅಂದರು, ಐದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರ ಹಾಗೆ. ಸೂಪರ್‌ವೈಸರ್ ಬಂದ. ಬ್ಯಾಗಿನ ಬಣ್ಣ ಕೇಳಿದ. ಕಪ್ಪು. ಅಲ್ಲಿದ್ದ ಬ್ಯಾಗುಗಳಲ್ಲಿ ಮುಕ್ಕಾಲು ಪಾಲು ಕಪ್ಪೇ. ಕ್ಯಾಬಿನ್ ನಂಬರಿನ ಟ್ಯಾಗ್ ಇತ್ತು, ಆದರೆ ಎತ್ತರದ ಕಬ್ಬಿಣದ ಪಂಜರದಂಥ ಗಾಡಿಗಳಲ್ಲಿ ಒಂದರ ಮೇಲೊಂದು ಒಟ್ಟಿದ ಬ್ಯಾಗುಗಳಲ್ಲಿ ಟ್ಯಾಗ್ ಎಲ್ಲಿ ಕಾಣಬೇಕು? ಆಗ ಅಮ್ಮನೇ "ಹಿಡಿಗೆ ಸೀರೆ ಅಂಚು ಕಟ್ಟಿದೀನಿ, ಕೆಂಪುದು" ಅಂದಳು. ಬೆಂಗಳೂರಿನಲ್ಲಿ ವಿಮಾನ ಹತ್ತುವಾಗ "ಇದೆಲ್ಲ ಬೇಡಮ್ಮ, ಅಸಹ್ಯವಾಗಿ ಕಾಣುತ್ತೆ" ಅಂತ ನಾನು ವಿಡಿಯೊ ಕಾಲ್‌ನಲ್ಲೇ ಗೊಣಗಿದ್ದ ಅಂಚು ಅದು. ಮುಕ್ಕಾಲು ಗಂಟೆಯಾದ ಮೇಲೆ ಒಬ್ಬ ಪೋರ್ಟರ್ ಆ ಪೆಟ್ಟಿಗೆ ಎಳೆದುಕೊಂಡು ಬಂದ. ನೆಲದ ಮೇಲೇ ಬಿಚ್ಚಿದೆವು. ಚಟ್ನಿಪುಡಿ ಡಬ್ಬದ ಕೆಳಗೆ, ಅಪ್ಪನ ಪಂಚೆಯ ಮಡಿಕೆಯೊಳಗೆ ಹಳೇ ಪಾಸ್‌ಪೋರ್ಟು. ಅವನಿಗೆ ಟಿಪ್ಸ್ ಕೊಡುವಾಗ ನನ್ನ ಕೈ ಇನ್ನೂ ನಡುಗುತ್ತಿತ್ತು.

ತಪ್ಪು ನನ್ನದೇ. ಯಾವ ಪುಸ್ತಕ ಯಾಕೆ ಬೇಕು ಅಂತ ಅಮ್ಮನಿಗೆ ಒಂದು ಮಾತು ಹೇಳಿರಲಿಲ್ಲ. ಫೈಲ್ ಕೈಗೆ ಕೊಟ್ಟು ಹಿಡ್ಕೋ ಅಂದಿದ್ದೆ, ಅಷ್ಟೆ.

ಒಳಗೆ ಹೋದಮೇಲೆ ಎಲ್ಲರಿಗೂ ಹಡಗಿನ ಕಾರ್ಡ್ ಸಿಕ್ಕಿತು. ಬಾಗಿಲು ತೆರೆಯಲೂ ಅದೇ, ಬಂದರಿನಲ್ಲಿ ಇಳಿದು ಹತ್ತಲೂ ಅದೇ. ಅಪ್ಪನ ಕಾರ್ಡಿನಲ್ಲಿ ಮೊದಲ ಹೆಸರು ಎಫ್‌ಎನ್‌ಯು. ಊಟದ ಮೇಜಿನ ಹುಡುಗ ಮೊದಲ ರಾತ್ರಿಯೇ ಅದನ್ನು ಓದಿ "ವೆಲ್ಕಮ್, ಮಿಸ್ಟರ್ ಫ್ನೂ" ಅಂದ. ಐದು ದಿನವೂ ಅಪ್ಪ ಫ್ನೂ ಆಗಿಯೇ ಉಳಿದರು. ಮಗಳು ಇವತ್ತಿಗೂ ಫ್ನೂ ತಾತ ಅನ್ನುತ್ತಾಳೆ. ಕೊಜುಮೆಲ್‌ನಲ್ಲಿ ಇಳಿಯುವಾಗ ಪಾಸ್‌ಪೋರ್ಟುಗಳನ್ನು ಕ್ಯಾಬಿನ್ನಿನ ಲಾಕರಿನಲ್ಲಿಟ್ಟು, ಹಡಗಿನ ಕಾರ್ಡು, ಲೈಸೆನ್ಸು, ಪಾಸ್‌ಪೋರ್ಟಿನ ಜೆರಾಕ್ಸು ಮಾತ್ರ ಒಯ್ದೆವು.

ವಾಪಸ್ ಗ್ಯಾಲ್ವೆಸ್ಟನ್‌ನಲ್ಲಿ ಅಪ್ಪ ಅಧಿಕಾರಿಯ ಮುಂದೆ ಎರಡೂ ಪಾಸ್‌ಪೋರ್ಟ್ ಚಾಚಿದರು, ಈ ಸಲ ತಾವೇ ರಬ್ಬರ್ ಬ್ಯಾಂಡ್ ಬಿಚ್ಚಿ. ಆತ ಹಳೇದರಲ್ಲಿ ವೀಸಾ ನೋಡಿದ, ಹೊಸದರಲ್ಲಿ ಮುಖ ನೋಡಿದ, ಕಳಿಸಿದ.

ಮನೆಗೆ ಬಂದ ರಾತ್ರಿಯೇ ಎಲ್ಲರ ಐ-94 ಆನ್‌ಲೈನ್‌ನಲ್ಲಿ ತೆಗೆದು ನೋಡಿದೆ. ಕ್ರೂಸ್ ಹೋಗಿ ಬಂದರೆ ತಂದೆತಾಯಿಗೆ ಮತ್ತೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ನಮ್ಮವರಲ್ಲಿ ಒಂದು ನಂಬಿಕೆ ಇದೆ. ಅದು ಅಧಿಕಾರಿಯ ಕೈಲಿರುವ ವಿಷಯ. ಮೆಕ್ಸಿಕೋಗೆ ನಾಲ್ಕು ದಿನ ಹೋಗಿ ಬಂದದ್ದಕ್ಕೆ ಸಾಮಾನ್ಯವಾಗಿ ಮೊದಲಿನ ತಾರೀಖೇ ಮುಂದುವರಿಯುತ್ತದೆ. ಅಪ್ಪ ಅಮ್ಮನದೂ ಹಾಗೇ ಆಗಿತ್ತು. ವಾಪಸ್ ವಿಮಾನದ ಟಿಕೆಟ್ ಮುಂದಕ್ಕೆ ಹಾಕಿಸೋಣ ಅಂತಿದ್ದ ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿದರು. ಅಮ್ಮ ಅಡುಗೆಮನೆಯಿಂದಲೇ ಕೇಳಿದಳು, "ಆ ಹಳೇ ಪುಸ್ತಕ ಈಗ ಎಲ್ಲಿಡ್ಲಿ?"